ಇಂಗ್ಲಿಷಿನ ಎರಡು ಭೂತಕಾಲಗಳು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಕನ್ನಡದ ಮೂಲಕ ಕಲಿತ ಬಾಲಕನು "ಐ ಹ್ಯಾವ್ ಕಮ್ ಯೆಸ್ಟರ್‌ಡೇ" ಎಂದು ಬರೆದನೆಂದರೆ ಅದರ ಮೇಲೆ ಉಪಾಧ್ಯಾಯರ ಕೆಂಪು ಗೆರೆ ಬೀಳುವುದು. ಇಂಗ್ಲಿಷಿನಲ್ಲಿ ಅದು ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ತಪ್ಪು ಅಜ್ಞಾನದಿಂದ ಹುಟ್ಟಿತೆ, ಮಾತೃಭಾಷೆಯ ನಿಯಮದಿಂದ ಹುಟ್ಟಿತೆ ಎಂದು ವಿಚಾರಿಸುವವರು ವಿರಳ.

ಭೂತಕಾಲವನ್ನು ಎಲ್ಲ ಭಾಷೆಗಳೂ ಒಂದೇ ಅಳತೆಯಿಂದ ವಿಭಾಗಿಸುವುದಿಲ್ಲ. ಪಾಣಿನಿಯು ಸಾಮಾನ್ಯ ಭೂತಕ್ಕೆ ಲುಙ್, ಇಂದಿನದಲ್ಲದ ಭೂತಕ್ಕೆ ಲಙ್, ಇಂದಿನದಲ್ಲದೆ ವಕ್ತೃವಿನ ಕಣ್ಣಿಗೂ ಬೀಳದುದಕ್ಕೆ ಲಿಟ್ ಎಂದು ವಿಧಿಸಿದನು. ಲೋಕಪ್ರಸಿದ್ಧವಾಗಿ, ಬಯಸಿದ್ದರೆ ವಕ್ತೃವು ಕಾಣಬಹುದಾಗಿದ್ದ ಸಂಗತಿಗೆ ಲಙ್ ಸಲ್ಲುವುದೆಂಬುದಕ್ಕೆ, ಯವನನು ಸಾಕೇತವನ್ನು ಮುತ್ತಿದುದನ್ನು ಪತಂಜಲಿಯು ಮಹಾಭಾಷ್ಯದಲ್ಲಿ ಉದಾಹರಿಸಿದನು. ಆ ಮುತ್ತಿಗೆಯು ಆತನ ಜೀವಿತಕಾಲದಲ್ಲಿಯೇ ನಡೆದಿರಬೇಕೆಂದು ತರ್ಕಿಸಿ, ವಿದ್ವಾಂಸರು ಆತನನ್ನು ಕ್ರಿಸ್ತಪೂರ್ವ 2ನೆಯ ಶತಮಾನದವನೆನ್ನಲು ಇದನ್ನೊಂದು ಮುಖ್ಯ ಆಧಾರವಾಗಿ ಹಿಡಿದರು. ಒಂದು ಲಕಾರವೇ ಚರಿತ್ರೆಗೆ ಸಾಕ್ಷಿಯಾಯಿತು.

ಕನ್ನಡದ ಅಳತೆ ಬೇರೆ. "ಬಂದಿದ್ದಾರೆ" ಎಂಬುದು "ಬಂದು", "ಇದ್ದಾರೆ" ಎಂಬ ಎರಡು ಪದಗಳ ಕೂಡುವಿಕೆ. "ನೆಂಟರು ನಿನ್ನೆಯೇ ಬಂದಿದ್ದಾರೆ" ಎನ್ನುವಾಗ ಬಂದುದು ನಿನ್ನೆ, ಇರುವುದು ಇಂದು; ಆದುದರಿಂದ ವಿರೋಧವೇ ಇಲ್ಲ. ಇಂಗ್ಲಿಷರೂ ಹಿಂದೆ ಗತ್ಯರ್ಥಕ ಧಾತುಗಳಿಗೆ ಇರುವಿಕೆಯ ಪದವನ್ನೇ ಸೇರಿಸಿ "ಹಿ ಈಸ್ ಕಮ್" ಎನ್ನುತ್ತಿದ್ದರು. ಕಾಲಕ್ರಮದಲ್ಲಿ ಆ ಸ್ಥಾನವನ್ನು "ಹ್ಯಾವ್" ಆಕ್ರಮಿಸಿತು. 1795ರಲ್ಲಿ ಪ್ರಕಟವಾದ ಲಿಂಡ್ಲಿ ಮರ್ರೆಯ ವ್ಯಾಕರಣವು ಈ ರೂಪಕ್ಕೆ ವರ್ತಮಾನದ ಸಂಬಂಧವೂ ಉಂಟೆಂದು ತಿಳಿಸಿತು. ನಿನ್ನೆ, ಹೋದ ವರ್ಷ ಎಂದು ಮುಗಿದ ಕಾಲವನ್ನು ಹೆಸರಿಸಿದೊಡನೆ ಆ ಸಂಬಂಧ ಕಡಿದುಹೋಗುವುದು. ಆಗ ಸಾಮಾನ್ಯ ಭೂತವೇ ಸಲ್ಲತಕ್ಕುದು.

ಇದಕ್ಕೆ ನಿದರ್ಶನಗಳು ಈ ಸೀಮೆಯಲ್ಲಿಯೇ ಇವೆ. ಸಿರಾದ ಜುಮ್ಮಾ ಮಸೀದಿಯನ್ನು 1696ರಲ್ಲಿ ಕಟ್ಟಿದರು ಎಂಬಲ್ಲಿ ಸಾಮಾನ್ಯ ಭೂತ; ಅದು ಮುನ್ನೂರು ವರ್ಷಗಳಿಗೂ ಮೀರಿ ನಿಂತಿದೆ ಎಂಬಲ್ಲಿ "ಹ್ಯಾಸ್ ಸ್ಟುಡ್". 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ರಾಣಿ ವೀರಮ್ಮಾಜಿಯನ್ನು ಮಧುಗಿರಿಯ ಕೋಟೆಯಲ್ಲಿ ಸೆರೆಯಿಟ್ಟನು; ಅಲ್ಲಿ ಸಾಮಾನ್ಯ ಭೂತವೇ ಗತಿ. ಸೆರೆ ಮುಗಿಯಿತು, ರಾಣಿಯೂ ಗತಿಸಿದಳು; ಕೋಟೆ ಮಾತ್ರ ಉಳಿದಿದೆ.

ಇನ್ನೊಂದು ಸೂಕ್ಷ್ಮ ಉಂಟು. "ಪಂಪನು ವಿಕ್ರಮಾರ್ಜುನ ವಿಜಯವನ್ನು ಬರೆದಿದ್ದಾನೆ" ಎಂದು ಕನ್ನಡಿಗನು ನಿಸ್ಸಂಕೋಚವಾಗಿ ನುಡಿಯುವನು. ಕೃತಿ ಕೈಯಲ್ಲಿರುವಾಗ ಕವಿಯೂ ಇದ್ದಂತೆಯೇ. ಇಂಗ್ಲಿಷಾದರೋ ಗತಿಸಿದ ಕರ್ತೃವಿಗೆ ಸಾಧಾರಣವಾಗಿ ಈ ಮರ್ಯಾದೆಯನ್ನು ಕೊಡದೆ "ರೋಟ್" ಎಂದೇ ಹೇಳಿಸುವುದು.

ಆದುದರಿಂದ ಬೋಧಿಸುವವರು ಬಾಲಕನ ಕನ್ನಡವನ್ನು ಹಳಿಯದೆ ಅದರಿಂದಲೇ ಆರಂಭಿಸುವುದು ಲೇಸು. "ಸಿದ್ಧರಬೆಟ್ಟವನ್ನು ಹತ್ತಿದ್ದೀಯಾ?" ಎಂಬ ಪ್ರಶ್ನೆಗೆ ಕಾಲದ ಗೊಡವೆಯಿಲ್ಲ, ಅಲ್ಲಿ "ಹ್ಯಾವ್" ಬರಲಿ. "ಪಾವಗಡದ ಬೆಟ್ಟವನ್ನು ಯಾವಾಗ ಹತ್ತಿದೆ?" ಎಂಬುದು ಮುಗಿದ ದಿನವನ್ನೇ ಕೇಳುವುದು, ಅಲ್ಲಿ "ಡಿಡ್" ಬರಲಿ. ಈ ಭೇದವನ್ನರಿತ ಬಾಲಕನು ಇಂಗ್ಲಿಷನ್ನು ತಿದ್ದಿಕೊಳ್ಳುವನು. ತನ್ನ ನುಡಿಗಾಗಿ ನಾಚಬೇಕಾದ ಕಾರಣವೂ ಅವನಿಗಿರದು.