ಬೋಳು ಟೈರಿನ ಚರಿತ್ರೆ: ಕಾಲು ಮೈಲಿ ಓಡಿ ಮನೆಗೆ ವಾಪಸಾಗುವ ಕಾರು

ಬೋಳು ಟೈರು ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ ಎಂಬ ಮಾತು ನಮ್ಮ ಹುಡುಗರ ಬಾಯಲ್ಲಿ ಓಡಾಡುತ್ತಿದೆ. ಮೊಬೈಲಿನಲ್ಲಿ ಅಮೆರಿಕದ ಡ್ರ್ಯಾಗ್ ರೇಸಿನ ವಿಡಿಯೊ ನೋಡುತ್ತಾರೆ. ಹಿಂದಿನ ಚಕ್ರದಲ್ಲಿ ಒಂದು ಗೀರೂ ಇರುವುದಿಲ್ಲ, ಆದರೂ ಕಾರು ಕವಣೆ ಕಲ್ಲಿನಂತೆ ಹಾರುತ್ತದೆ. ಬಟನ್ ಸವೆದ ತಮ್ಮ ಬೈಕಿನ ಟೈರಿಗೂ ಅದೇ ಗುಣ ಬಂದಿದೆ ಎಂದುಕೊಳ್ಳುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧ ಆಸ್ಪತ್ರೆ ತೋರಿಸುವಂಥದ್ದು. ಎರಡನ್ನೂ ಬಿಡಿಸಿ ನೋಡಬೇಕಾದರೆ ಆ ಟೈರು ಹುಟ್ಟಿದ ಊರಿಗೇ ಹೋಗಬೇಕು.

ಆ ಊರು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ. ಅಲ್ಲಿ ಮರುಭೂಮಿಯಂಥ ಜಾಗದಲ್ಲಿ ಒಣಗಿದ ಕೆರೆಗಳಿವೆ. ಮ್ಯುರಾಕ್, ಎಲ್ ಮಿರಾಜ್ ಅಂಥವು. ಬೇಸಿಗೆಯಲ್ಲಿ ನಮ್ಮ ಕೆರೆಯಂಗಳ ಗಟ್ಟಿಯಾಗುತ್ತದಲ್ಲ, ಹಾಗೆಯೇ. ಆದರೆ ಮೈಲಿಗಟ್ಟಲೆ ಸಪಾಟು. ಹಳೆ ಫೋರ್ಡ್ ಕಾರುಗಳನ್ನು ಬಿಚ್ಚಿ, ಹಗುರ ಮಾಡಿ, ಎಂಜಿನ್ ತಿದ್ದಿ ಯುವಕರು ಅಲ್ಲಿ ವೇಗ ಅಳೆಯುತ್ತಿದ್ದರು. 1937ರಲ್ಲಿ ಇವರ ಕ್ಲಬ್ಬುಗಳೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡವು. ಆಮೇಲೆ ಮ್ಯುರಾಕ್ ಕೆರೆಯಂಗಳ ಸೇನೆಯ ಪಾಲಾಯಿತು. ಇವತ್ತಿನ ಎಡ್ವರ್ಡ್ಸ್ ವಾಯುನೆಲೆ ಇರುವುದು ಅಲ್ಲಿಯೇ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಚಟ ಊರೊಳಗೆ ಬಂತು. ಸೇನೆಯಿಂದ ಮರಳಿದ ಹುಡುಗರ ಕೈಯಲ್ಲಿ ಒಂದಿಷ್ಟು ದುಡ್ಡಿತ್ತು, ಮೆಕ್ಯಾನಿಕ್ ಕೆಲಸ ಗೊತ್ತಿತ್ತು. ಸಿಗ್ನಲ್‌ನಿಂದ ಸಿಗ್ನಲ್‌ಗೆ ಪೈಪೋಟಿ ಶುರುವಾಯಿತು. ಸಾವುಗಳಾದವು, ಪತ್ರಿಕೆಗಳು ಬೈದವು, ಪೊಲೀಸರು ಬೆನ್ನು ಹತ್ತಿದರು. ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್ ಈ ಗದ್ದಲದ ನಡುವೆ 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘ ಕಟ್ಟಿದರು. ಅದನ್ನು ಎನ್‌ಎಚ್‌ಆರ್‌ಎ ಎನ್ನುತ್ತಾರೆ. ಅವರ ವಾದ ಸರಳವಾಗಿತ್ತು: ಹುಡುಗರು ಓಡಿಸುವುದನ್ನು ಬಿಡುವುದಿಲ್ಲ, ಹಾಗಾಗಿ ಓಡಿಸಲು ರಸ್ತೆಯಲ್ಲದ ಜಾಗ ಕೊಡಿ. ಅದಕ್ಕೆ ಒಂದು ವರ್ಷ ಮೊದಲೇ ಸಾಂತಾ ಆನಾ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಟಿಕೆಟ್ ಇಟ್ಟು ಡ್ರ್ಯಾಗ್ ರೇಸ್ ನಡೆಸುವುದು ಶುರುವಾಗಿತ್ತು. 1954ರಿಂದ ಎನ್‌ಎಚ್‌ಆರ್‌ಎ ಮಂದಿ ಒಂದು ಕಾರಿಗೆ ಟ್ರೇಲರ್ ಕಟ್ಟಿಕೊಂಡು ಊರೂರು ಸುತ್ತಿ, ರೇಸನ್ನು ಸುರಕ್ಷಿತವಾಗಿ ನಡೆಸುವುದು ಹೇಗೆಂದು ತೋರಿಸಿಕೊಟ್ಟರು. ಹೆದ್ದಾರಿಯಲ್ಲಿ ವೀಲಿ ಮಾಡುವವರ ಮೇಲೆ ಕೇಸು ಹಾಕುವ ಸುದ್ದಿಯನ್ನು ನಾವು ಮತ್ತೆ ಮತ್ತೆ ಬರೆಯುತ್ತೇವೆ. ಓಡಿಸಲು ಬೇರೆ ಜಾಗ ಎಲ್ಲಿದೆ ಎಂಬ ಪ್ರಶ್ನೆಯನ್ನು ಕೇಳುವುದು ಕಡಿಮೆ.

ಡ್ರ್ಯಾಗ್ ರೇಸ್ ಅಂದರೆ ನೇರ ದಾರಿ, ಕಾಲು ಮೈಲಿ. ನಮ್ಮ ಲೆಕ್ಕದಲ್ಲಿ 402 ಮೀಟರ್. ನಿಂತಲ್ಲಿಂದ ಹೊರಟು ಮೊದಲು ಮುಟ್ಟಿದವರು ಗೆದ್ದಂತೆ. ತಿರುವಿಲ್ಲ, ಬ್ರೇಕಿನ ಜಾಣ್ಮೆಯೂ ಬೇಕಿಲ್ಲ. ಹೊರಡುವ ಒಂದೆರಡು ಸೆಕೆಂಡಿನಲ್ಲಿ ಟೈರು ನೆಲ ಹಿಡಿಯಿತೋ, ಸುಮ್ಮನೆ ಗಿರಗಿರ ತಿರುಗಿತೋ ಎಂಬುದರ ಮೇಲೆ ಎಲ್ಲ ನಿಂತಿದೆ. ಕೆಸರಿನಲ್ಲಿ ಸಿಕ್ಕ ಟ್ರ್ಯಾಕ್ಟರ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂಜಿನ್ನಿನಲ್ಲಿ ಎಷ್ಟು ಕುದುರೆ ಶಕ್ತಿ ಇದ್ದರೇನು, ಚಕ್ರ ಜಾರಿದರೆ ಡೀಸೆಲ್ ದಂಡ.

ಆ ಕಾಲದ ಕಾರಿನ ಟೈರು ಕಿರಿದು. ರಬ್ಬರ್ ಗಟ್ಟಿ, ಬಹಳ ದಿನ ಬಾಳಲಿ ಎಂದು ಮಾಡಿದ್ದು. ರೇಸಿನವರು ಕಂಡುಕೊಂಡ ಮೊದಲ ಉಪಾಯ ನಮ್ಮ ರೀಸೋಲಿಂಗ್ ಅಂಗಡಿಗಳಲ್ಲಿ ಇವತ್ತಿಗೂ ನಡೆಯುವ ಕೆಲಸವೇ. ಹಳೆ ಟೈರಿನ ಮೇಲ್ಮೈ ತೆಗೆದು ಹೊಸ ರಬ್ಬರ್ ಕೂರಿಸುವುದು. ಒಂದೇ ವ್ಯತ್ಯಾಸ, ಬಟನ್ ಹಾಕದೆ ಅಗಲವಾಗಿ, ನುಣ್ಣಗೆ ಬಿಡುತ್ತಿದ್ದರು. ಇದಕ್ಕೆ ಸ್ಲಿಕ್ ಎಂಬ ಹೆಸರು ನಿಂತಿತು.

ನುಣ್ಣಗಿರುವುದು ಯಾಕೆ ಹಿಡಿಯುತ್ತದೆ? ಟೈರಿನ ಗೀರುಗಳು ಇರುವುದು ನೀರು ಹೊರಹೋಗಲಿ ಎಂದು. ನೀರಿಲ್ಲದ ಒಣ ನೆಲದಲ್ಲಿ ಆ ಗೀರು ಇರುವಷ್ಟು ಜಾಗ ನೆಲಕ್ಕೆ ತಾಗುವುದೇ ಇಲ್ಲ. ಗೀರು ತೆಗೆದರೆ ಪೂರ್ತಿ ರಬ್ಬರ್ ನೆಲಕ್ಕೆ ಕೂರುತ್ತದೆ. ಅದು ಮೆತ್ತಗಿದ್ದರೆ ಡಾಂಬರಿನ ಸಣ್ಣ ಸಣ್ಣ ಕುಳಿಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ, ಬಿಸಿಯಾದರೆ ಅಂಟಿಕೊಳ್ಳುತ್ತದೆ. ಅಂದರೆ ಗುಟ್ಟಿರುವುದು ಬೋಳಿನಲ್ಲಲ್ಲ, ಮೆತ್ತಗಿನ ಹೊಸ ರಬ್ಬರಿನಲ್ಲಿ. ವರ್ಷಗಟ್ಟಲೆ ಬಿಸಿಲು ಕುಡಿದು, ಸವೆದು, ಕಲ್ಲಿನಂತಾದ ಟೈರು ನೋಡಲು ಸ್ಲಿಕ್‌ನಂತೆ ಕಂಡರೂ ಅದರಲ್ಲಿ ಈ ಗುಣ ಇಲ್ಲ. ಒಂದು ಹನಿ ಮಳೆ ಬಿದ್ದರಂತೂ ನೀರಿಗೆ ದಾರಿಯಿಲ್ಲದೆ ಟೈರು ನೀರಿನ ಪದರದ ಮೇಲೆ ತೇಲುತ್ತದೆ. ಮಳೆ ಬಂದರೆ ನಿಜವಾದ ಸ್ಲಿಕ್ ಕೂಡ ತೇಲುತ್ತದೆ. ಅದಕ್ಕೇ ಮಳೆ ಬಂದರೆ ಡ್ರ್ಯಾಗ್ ರೇಸನ್ನು ನಿಲ್ಲಿಸಿಬಿಡುತ್ತಾರೆ. 1955ರಲ್ಲಿ ಕ್ಯಾನ್ಸಸ್‌ನ ಗ್ರೇಟ್ ಬೆಂಡ್‌ನಲ್ಲಿ ನಡೆದ ಮೊದಲ ರಾಷ್ಟ್ರೀಯ ಸ್ಪರ್ಧೆಯೇ ಮಳೆಗೆ ಸಿಕ್ಕಿ ಮುಗಿಯದೆ, ಉಳಿದ ಓಟಗಳನ್ನು ಅರಿಜೋನಾದ ಫೀನಿಕ್ಸ್‌ಗೆ ಸಾಗಿಸಬೇಕಾಯಿತು.

ರೀಸೋಲ್ ಮಾಡಿದ ಟೈರಿಗೆ ಒಂದು ಮಿತಿ ಇತ್ತು. ಒಳಗಿನ ಹಳೆ ಟೈರು ವೇಗ ತಡೆಯದೆ ಅಂಟಿಸಿದ ರಬ್ಬರ್ ಕಿತ್ತು ಹಾರುವ ಭಯ. ಮೆಸಾಚುಸೆಟ್ಸ್‌ನ ಮಾರ್ವಿನ್ ರಿಫ್ಕಿನ್ 1950ರ ದಶಕದಲ್ಲಿ ಡ್ರ್ಯಾಗ್ ರೇಸಿಗೆಂದೇ ಹೊಸದಾಗಿ ಟೈರು ಮಾಡಿಸಿದರು. ಎಂ ಅಂಡ್ ಎಚ್ ಎಂಬ ಆ ಹೆಸರು ಇವತ್ತಿಗೂ ಉಳಿದಿದೆ. ಗುಡ್‌ಇಯರ್, ಫೈರ್‌ಸ್ಟೋನ್‌ನಂಥ ದೊಡ್ಡ ಕಂಪನಿಗಳು ಈ ಕಣಕ್ಕೆ ಬಂದದ್ದು ಆಮೇಲೆ.

ಇಲ್ಲಿ ಒಂದು ಲೆಕ್ಕ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಹಳೆಯ ಭೌತಶಾಸ್ತ್ರದ ಪಾಠದಂತೆ, ಟೈರು ನೆಲದಿಂದ ಪಡೆಯುವ ತಳ್ಳು ಕಾರಿನ ತೂಕವನ್ನು ಮೀರುವುದಿಲ್ಲ ಎಂದು ಬಹಳ ಮಂದಿ ನಂಬಿದ್ದರು. ಹಾಗಿದ್ದರೆ ಎಂಥ ಎಂಜಿನ್ ಕೂರಿಸಿದರೂ 402 ಮೀಟರ್ ಮುಟ್ಟಲು ಸುಮಾರು 9 ಸೆಕೆಂಡು ಬೇಕೇಬೇಕು. ಕೊನೆಯಲ್ಲಿ ವೇಗ ಗಂಟೆಗೆ 320 ಕಿ.ಮೀ. ದಾಟುವಂತಿಲ್ಲ. ಕ್ಯಾಲ್ಕುಲೇಟರ್ ಹಿಡಿದು ನೀವೇ ನೋಡಬಹುದು. 1964ರ ಆಗಸ್ಟಿನಲ್ಲಿ ನ್ಯೂಜೆರ್ಸಿಯಲ್ಲಿ ಡಾನ್ ಗಾರ್ಲಿಟ್ಸ್ ಅದೇ ದೂರವನ್ನು 8 ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಓಡಿ ಗಂಟೆಗೆ 200 ಮೈಲಿ, ಅಂದರೆ 320 ಕಿ.ಮೀ. ದಾಟಿದರು. ಲೋಹ, ಮರದ ವಿಷಯದಲ್ಲಿ ನಿಜವಾದ ಆ ಪಾಠ ಬಿಸಿ ರಬ್ಬರಿಗೆ ಒಪ್ಪುವುದಿಲ್ಲ ಎಂದು ಮೆಕ್ಯಾನಿಕ್ ಶೆಡ್ಡಿನವರು ತೋರಿಸಿದಂತಾಯಿತು. ನಮಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಭಾಗ ಇದೇ.

ಆದರೆ ಗಾರ್ಲಿಟ್ಸ್ ಓಡಿಸಿದ್ದು ಉದ್ದನೆಯ ಡ್ರ್ಯಾಗ್‌ಸ್ಟರ್. ಅದನ್ನು ಸಂತೆಗೆ ತೆಗೆದುಕೊಂಡು ಹೋಗಲಾಗದು. ವಾರವಿಡೀ ಕೆಲಸಕ್ಕೆ ಓಡಾಡಿ, ಭಾನುವಾರ ಅದೇ ಕಾರನ್ನು ಪಟ್ಟಿಗೆ ತರುವವನ ಕಷ್ಟ ಬೇರೆ. ಒಂದು ದಾರಿ, ಸ್ಲಿಕ್ ಎರಡನ್ನು ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಹೋಗಿ, ಅಲ್ಲೇ ಜಾಕ್ ಕೊಟ್ಟು ಬದಲಿಸುವುದು. ಇನ್ನೊಂದು ದಾರಿಗೆ ಅಮೆರಿಕದವರು ಇಟ್ಟ ಹೆಸರೇ ‘ಚೀಟರ್ ಸ್ಲಿಕ್’, ಮೋಸದ ಸ್ಲಿಕ್. ನುಣುಪು ಟೈರಿಗೆ ಒಂದೆರಡು ತೆಳು ಗೀರು ಎಳೆದು, ‘ನೋಡಿ ಸ್ವಾಮಿ, ಇದು ರಸ್ತೆಯ ಟೈರೇ’ ಎನ್ನುವುದು. 1964ರಲ್ಲಿ ಪಾಂಟಿಯಾಕ್ ಜಿಟಿಒ ಕಾರು 325 ಕುದುರೆ ಶಕ್ತಿಯ ಎಂಜಿನ್ ಇಟ್ಟುಕೊಂಡು, ಕಿರಿದಾದ ಟೈರಿನ ಮೇಲೆ ಷೋರೂಮಿಗೆ ಬಂತು. ಅಂಥ ಕಾರು ಕೊಂಡವರಿಗೆ ಮೋಸದ ಸ್ಲಿಕ್ ಚೆನ್ನಾಗಿಯೇ ಒದಗಿತು.

ಆ ಹೊತ್ತಿಗೆ ಟೈರಿನ ಪಕ್ಕದ ಗೋಡೆಯ ಮಹತ್ವ ಗೊತ್ತಾಗಿತ್ತು. ಮೆತ್ತಗಿನ ಪಕ್ಕೆಯ ಟೈರಿಗೆ ಗಾಳಿ ಕಡಿಮೆ ಬಿಟ್ಟರೆ, ಹೊರಡುವಾಗ ಅದು ಹಿಂಡಿದ ಬಟ್ಟೆಯಂತೆ ಸುಕ್ಕುಗಟ್ಟಿ ಎಂಜಿನ್ನಿನ ಹೊಡೆತ ನುಂಗಿಕೊಳ್ಳುತ್ತದೆ. ನೆಲಕ್ಕೆ ತಾಗುವ ಪಟ್ಟಿ ಉದ್ದವಾಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ನಾವು ಕಾರಿಗೆ 30ರಿಂದ 35 ಪಾಯಿಂಟ್ ಗಾಳಿ ಹಿಡಿಸುತ್ತೇವೆ. ಈ ಸ್ಲಿಕ್‌ಗಳಿಗೆ ಹತ್ತು ಹನ್ನೆರಡು ಸಾಕು. ಅಷ್ಟು ಕಡಿಮೆ ಗಾಳಿಯಲ್ಲಿ ರಿಮ್ಮಷ್ಟೇ ತಿರುಗಿ ಟೈರು ನಿಂತುಬಿಡಬಾರದೆಂದು ರಿಮ್ಮಿಗೆ ಸ್ಕ್ರೂ ಹೊಡೆಯುವವರೂ ಇದ್ದಾರೆ. ಕಾರು ಹೊರಡುವಾಗ ತೂಕ ಹಿಂದಕ್ಕೆ ವಾಲುವುದರಿಂದ ಮುಂದಿನ ಚಕ್ರ ಏಳುತ್ತದೆ. ಭಾರ ಎಳೆಯುವ ಟ್ರ್ಯಾಕ್ಟರಿನ ಮೂತಿ ಏಳುತ್ತದಲ್ಲ, ಹಾಗೆ. ಮುಂದಿನ ಟೈರಿಗೆ ಹೆಚ್ಚು ಕೆಲಸವಿಲ್ಲ ಎಂದು ಅಲ್ಲಿ ಕಿರಿದಾದ, ಹಗುರ ಟೈರು ಹಾಕುವ ರೂಢಿ ಬಂತು.

ಈ ಸ್ಲಿಕ್‌ಗಳೆಲ್ಲ ನಮ್ಮ ಲಾರಿಯವರು ನೈಲಾನ್ ಟೈರು ಎನ್ನುವ ಜಾತಿಯವು. ಒಳಗಿನ ದಾರಗಳು ಓರೆಯಾಗಿ ಒಂದರ ಮೇಲೊಂದು ಹೆಣೆದಿರುತ್ತವೆ. ರೇಡಿಯಲ್‌ನಲ್ಲಿ ದಾರ ಅಡ್ಡಡ್ಡ ಹೋಗಿ, ಮೇಲೆ ಉಕ್ಕಿನ ಪಟ್ಟಿ ಬರುತ್ತದೆ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರೂ ಅಮೆರಿಕದ ಕಾರುಗಳಿಗೆ ಅದು ವ್ಯಾಪಕವಾಗಿ ಬಂದದ್ದು 1970ರ ದಶಕದಲ್ಲಿ. ರಸ್ತೆಗೆ ಒಳ್ಳೆಯದು, ಡ್ರ್ಯಾಗ್ ರೇಸಿಗೆ ಕೆಲಸಕ್ಕೆ ಬಾರದ್ದು ಎಂಬ ತೀರ್ಪು ಬಹಳ ಕಾಲ ನಡೆಯಿತು. ಸುಕ್ಕುಗಟ್ಟುವುದಿಲ್ಲ, ಹೊಡೆತ ತಡೆಯುವುದಿಲ್ಲ ಎಂಬುದು ದೂರು.

1990ರ ದಶಕದಲ್ಲಿ ಬಿ.ಎಫ್. ಗುಡ್‌ರಿಚ್ ಕಂಪನಿ ‘ಡ್ರ್ಯಾಗ್ ರೇಡಿಯಲ್’ ತಂದಾಗ ಆ ತೀರ್ಪು ಬಿದ್ದುಹೋಯಿತು. ರಸ್ತೆಗೆ ಕಾನೂನಿನ ಒಪ್ಪಿಗೆ ಇದೆ, ಒಂದಿಷ್ಟು ಗೀರುಗಳಿವೆ, ರಬ್ಬರ್ ಮಾತ್ರ ರೇಸಿನದು. ಮಿಕಿ ಥಾಂಪ್ಸನ್, ನಿಟ್ಟೊ ಮೊದಲಾದ ಕಂಪನಿಗಳೂ ಹಿಂದೆ ಬಂದವು. ಈಗ ಡ್ರ್ಯಾಗ್ ರೇಡಿಯಲ್‌ಗೆಂದೇ ಬೇರೆ ಸ್ಪರ್ಧೆಗಳಿವೆ. ಅಲ್ಲಿನ ದೊಡ್ಡ ಕಾರುಗಳು ಎಂಟನೇ ಒಂದು ಮೈಲಿಯನ್ನು 4 ಸೆಕೆಂಡಿಗೂ ಮೊದಲು ಮುಗಿಸುತ್ತವೆ.

ಹಾಗಾದರೆ ಅಲ್ಲಿ ರಸ್ತೆಯ ಕಾರಿನವನು ಏನು ಹಾಕುತ್ತಾನೆ? ಕ್ಲಚ್ ಇರುವ ಗೇರಿನ ಕಾರಾದರೆ ಇವತ್ತಿಗೂ ಸುಕ್ಕುಗಟ್ಟುವ ನೈಲಾನ್ ಸ್ಲಿಕ್ ಹುಡುಕುವವರು ಹೆಚ್ಚು, ಕ್ಲಚ್ ಬಿಟ್ಟಾಗಿನ ಒದೆತ ಅದು ತಡೆಯುತ್ತದೆ. ಆಟೊಮ್ಯಾಟಿಕ್ ಕಾರು, ಅದರಲ್ಲೇ ಮನೆಗೆ ಹೋಗಬೇಕು ಎಂದರೆ ಡ್ರ್ಯಾಗ್ ರೇಡಿಯಲ್. ಅದು ವೇಗದಲ್ಲಿ ತೂರಾಡುವುದಿಲ್ಲ, ಉರುಳಲು ಹಗುರ. ಗಾಳಿ 15ರಿಂದ 20 ಪಾಯಿಂಟ್ ಇಟ್ಟು ಓಡಿಸಿ, ಮನೆಗೆ ಹೊರಡುವ ಮೊದಲು ಮತ್ತೆ ತುಂಬಿಸಬೇಕು. ಟೈರಿನ ಅಗಲಕ್ಕಿಂತ ಎತ್ತರ ನೋಡು ಎನ್ನುವುದು ಹಳಬರ ಮಾತು. ಎತ್ತರದ ಟೈರಿನ ಪಟ್ಟಿ ನೆಲದ ಮೇಲೆ ಉದ್ದಕ್ಕೆ ಕೂರುತ್ತದೆ. ಆದರೆ ಎತ್ತರ ಹೆಚ್ಚಾದರೆ ಗೇರಿನ ಲೆಕ್ಕವೂ ಬದಲಾಗುತ್ತದೆ. ಓಟಕ್ಕೆ ಮೊದಲು ನೀರಿನಲ್ಲಿ ಚಕ್ರ ತಿರುಗಿಸಿ ಹೊಗೆ ಎಬ್ಬಿಸುವುದು ರಬ್ಬರ್ ಬಿಸಿಯಾಗಲೆಂದು, ತೋರಿಕೆಗಲ್ಲ. ಸಾಧಾರಣ ಟೈರಿನವರು ಹೊಗೆಯ ಆಸೆಗೆ ಆ ನೀರಿಗಿಳಿದರೆ ಗೀರಿನಲ್ಲಿ ನೀರು ಹೊತ್ತು ತಂದು ಹೊರಡುವ ಗೆರೆಯಲ್ಲೇ ಜಾರುತ್ತಾರೆ.

2018ರ ಮಾದರಿಯ ಡಾಜ್ ಚಾಲೆಂಜರ್ ಡೀಮನ್ ಕಾರಿಗೆ ಕಂಪನಿಯೇ ನಿಟ್ಟೊ ಡ್ರ್ಯಾಗ್ ರೇಡಿಯಲ್ ಕೂರಿಸಿ ಮಾರಿತು. ಕಾಲು ಮೈಲಿಗೆ 9.65 ಸೆಕೆಂಡು. 10 ಸೆಕೆಂಡಿಗಿಂತ ಬೇಗ ಓಡುವ ಕಾರಿನೊಳಗೆ ಕಬ್ಬಿಣದ ಪಂಜರ ಬೇಕೆಂದು ಎನ್‌ಎಚ್‌ಆರ್‌ಎ ನಿಯಮ ಹೇಳುತ್ತಿದ್ದುದರಿಂದ, ಷೋರೂಮಿನಿಂದ ತಂದ ಹಾಗೆಯೇ ಓಡಿಸುವಂತಿರಲಿಲ್ಲ. ಕಂಪನಿ ಆ ನಿಷೇಧವನ್ನೇ ಜಾಹೀರಾತು ಮಾಡಿಕೊಂಡಿತು! 2023ರ ಡೀಮನ್ 170ಕ್ಕೆ ಬಂದದ್ದು ಮಿಕಿ ಥಾಂಪ್ಸನ್ ಟೈರು. ಸಮಯ 8.91 ಸೆಕೆಂಡು.

ಇಷ್ಟಾದರೂ ಹಿಂದಿನ ಸೀಟಿನಲ್ಲಿ ಟೈರು ಒಯ್ಯುವ ಪದ್ಧತಿ ಹೋಗಿಲ್ಲ. 2005ರಿಂದ ‘ಹಾಟ್ ರಾಡ್’ ಪತ್ರಿಕೆ ಡ್ರ್ಯಾಗ್ ವೀಕ್ ಎಂಬ ಸ್ಪರ್ಧೆ ನಡೆಸುತ್ತಿದೆ. ಐದು ದಿನ, ದಿನಕ್ಕೊಂದು ಓಟ, ನಡುವೆ ಅದೇ ಕಾರಿನಲ್ಲಿ ಎಲ್ಲ ಸೇರಿ ಸುಮಾರು ಸಾವಿರ ಮೈಲಿ ರಸ್ತೆ ಪ್ರಯಾಣ. ಹಿಂದೆ ಸಹಾಯಕ್ಕೆ ಇನ್ನೊಂದು ಗಾಡಿ ಬರುವಂತಿಲ್ಲ. ಹಾಗಾಗಿ ಸಾವಿರಾರು ಕುದುರೆ ಶಕ್ತಿಯ ಕಾರುಗಳು ತಮ್ಮ ಬಾಲಕ್ಕೆ ಪುಟ್ಟ ಟ್ರೇಲರ್ ಕಟ್ಟಿಕೊಂಡು, ಅದರಲ್ಲಿ ಜಾಕ್, ಸ್ಪ್ಯಾನರ್ ಪೆಟ್ಟಿಗೆ ಮತ್ತು ಎರಡು ಸ್ಲಿಕ್ ಹೇರಿಕೊಂಡು ಹೆದ್ದಾರಿಯಲ್ಲಿ ಸಾಗುತ್ತವೆ.