ಸಕಲ ಸಂತರ ಹಬ್ಬದಂದು ನಡುಗಿದ ನಗರ



1755ರ ನವೆಂಬರ್ 1, ಶನಿವಾರ. ಸಕಲ ಸಂತರ ಹಬ್ಬ. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನ ದೇವಾಲಯಗಳಲ್ಲಿ ಜನ ಕಿಕ್ಕಿರಿದಿದ್ದರು. ಪೀಠಗಳ ಮೇಲೆ ಮೇಣದ ಬತ್ತಿಗಳು ಉರಿಯುತ್ತಿದ್ದವು. ಬೆಳಿಗ್ಗೆ ಒಂಬತ್ತೂವರೆ ದಾಟಿದಾಗ ಭೂಮಿ ನಡುಗಿತು. ನಿಮಿಷಗಳಲ್ಲಿ ಗೋಪುರಗಳೂ ಕಮಾನುಗಳೂ ಭಕ್ತಾದಿಗಳ ಮೇಲೆ ಕುಸಿದವು. ಜೀವ ಉಳಿಸಿಕೊಳ್ಳಲು ನದೀತೀರಕ್ಕೆ ಓಡಿದವರನ್ನು ಸಮುದ್ರದ ಅಲೆಗಳು ಎಳೆದೊಯ್ದವು. ಉರುಳಿದ ಬತ್ತಿಗಳಿಂದ, ಅಡುಗೆ ಒಲೆಗಳಿಂದ ಹೊತ್ತಿದ ಬೆಂಕಿ ದಿನಗಟ್ಟಲೆ ಆರಲಿಲ್ಲ. ಸಕಲ ಸಂತರ ಹೆಸರನ್ನೇ ಹೊತ್ತಿದ್ದ ದೊಡ್ಡ ಆಸ್ಪತ್ರೆಯೂ ಸುಟ್ಟುಹೋಯಿತು. ಸತ್ತವರು ಹತ್ತಾರು ಸಾವಿರ ಮಂದಿ.

ಬದುಕುಳಿದವರು ಕೇಳಿದ್ದು ಒಂದೇ ಪ್ರಶ್ನೆ: ಏಕೆ? ಹಬ್ಬದ ದಿನವೇ ಏಕೆ, ಪ್ರಾರ್ಥಿಸುತ್ತಿದ್ದವರ ಮೇಲೇ ಏಕೆ?

ಈ 'ಏಕೆ' ಎಂಬುದನ್ನು ಒಂದು ತತ್ವವಾಗಿ ನಿರೂಪಿಸಿದವರು ಜರ್ಮನಿಯ ಜ್ಞಾನಿ ಲೈಬ್ನಿಟ್ಸ್ (1646-1716). ಅವರು ಕಥೋಲಿಕರಲ್ಲ, ಲೂಥರನ್ ಪಂಥದವರು. ಕಾರಣವಿಲ್ಲದೆ ಯಾವುದೂ ಇರುವುದಿಲ್ಲ, ಯಾವುದೂ ನಡೆಯುವುದಿಲ್ಲ. ಒಂದು ಸಂಗತಿ ಹೀಗೇ ಆಗಿ ಬೇರೆ ರೀತಿ ಆಗದಿರುವುದಕ್ಕೆ ಸಾಕಾಗುವಷ್ಟು ಕಾರಣ ಇದ್ದೇ ಇರಬೇಕು ಎಂಬುದು ಆ ತತ್ವ. ಹಾಗಾದರೆ ಈ ಲೋಕವೇ ಏಕಿದೆ? ಏನೂ ಇಲ್ಲದೆ ಇರಬಹುದಿತ್ತಲ್ಲ? ಅದರ ಕಾರಣ ಲೋಕದೊಳಗೆ ಸಿಗದು, ದೇವರಲ್ಲೇ ಸಿಗಬೇಕು ಎಂದರು ಅವರು. ಇರಲೂಬಹುದಾದ, ಇಲ್ಲದಿರಲೂಬಹುದಾದ ವಸ್ತುಗಳಿಗೆ, ಇರಲೇಬೇಕಾದ ಒಬ್ಬಾತನೇ ಆಧಾರ ಎಂದು 13ನೇ ಶತಮಾನದಲ್ಲೇ ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದರು. ಆದ್ದರಿಂದ ಕಾರಣ ಕೇಳುವುದು ಅವಿಶ್ವಾಸವಲ್ಲ.

ಆದರೆ ಕಾರಣ ಇದೆ ಎನ್ನುವುದು ಬೇರೆ, ಅದು ನನಗೆ ಗೊತ್ತು ಎನ್ನುವುದು ಬೇರೆ. ಬಹುಮಟ್ಟಿಗೆ ಕಾರಣಗಳು ನಮ್ಮ ಅರಿವಿಗೆ ನಿಲುಕುವುದಿಲ್ಲ ಎಂದು ಲೈಬ್ನಿಟ್ಸರೇ 1714ರಲ್ಲಿ ಬರೆದಿದ್ದರು. ಲಿಸ್ಬನ್ ಈ ವ್ಯತ್ಯಾಸವನ್ನು ಮರೆಯಿತು.

ಯೇಸುಸಭೆಯ ಗುರು ಗಾಬ್ರಿಯೆಲ್ ಮಲಗ್ರೀದಾ ಬ್ರೆಜಿಲಿನಲ್ಲಿ ದೀರ್ಘಕಾಲ ದುಡಿದ ಹಿರಿಯ ಧರ್ಮಪ್ರಚಾರಕರು. ಭೂಕಂಪಕ್ಕೆ ನಿಸರ್ಗ ಕಾರಣವಲ್ಲ, ಲಿಸ್ಬನ್ನಿನ ಪಾಪಗಳೇ ಕಾರಣ ಎಂದು 1756ರಲ್ಲಿ ಅವರು ಕಿರುಪುಸ್ತಕ ಅಚ್ಚು ಹಾಕಿಸಿದರು. ಇತ್ತ ಫ್ರಾನ್ಸಿನ ವೊಲ್ಟೇರ್, ಎಲ್ಲವೂ ಒಳಿತಿಗಾಗಿಯೇ ಎನ್ನುವವರನ್ನು ಮೊದಲು ಒಂದು ಕವಿತೆಯಲ್ಲಿ, ಬಳಿಕ 1759ರ 'ಕ್ಯಾಂಡೀಡ್' ಕಥೆಯಲ್ಲಿ ಚುಚ್ಚಿದರು.

ಮಂತ್ರಿಯಾಗಿದ್ದ, ಮುಂದೆ ಪೊಂಬಾಲ್ ಎಂದು ಹೆಸರಾದ ಕಾರ್ವಾಲ್ಯೊ ಬೇರೊಂದು ದಾರಿ ಹಿಡಿದನು. ದೇಶದ ಧರ್ಮಕೇಂದ್ರಗಳಿಗೆಲ್ಲ ಪ್ರಶ್ನಾವಳಿ ಕಳುಹಿಸಿದನು. ನಡುಕ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ಇತ್ತು? ಯಾವ ದಿಕ್ಕಿನಿಂದ ಬಂತು? ಸಮುದ್ರ ಮೊದಲು ಏರಿತೋ, ಇಳಿಯಿತೋ? ನೆಲ ಬಿರಿಯಿತೇ? ಎಷ್ಟು ಜನ ಸತ್ತರು? ವಿಚಾರಣಾ ಗುರುಗಳು ಕಂಡದ್ದನ್ನು ಬರೆದು ಕಳುಹಿಸಿದರು. ಆ ಉತ್ತರಗಳಲ್ಲಿ ಅನೇಕವು ಲಿಸ್ಬನ್ನಿನ ಪತ್ರಾಗಾರದಲ್ಲಿ ಇಂದಿಗೂ ಇವೆ. ಭೂಕಂಪ ವಿಜ್ಞಾನದ ಆರಂಭದ ದಾಖಲೆಗಳಲ್ಲಿ ಅವಕ್ಕೆ ಗೌರವದ ಸ್ಥಾನವಿದೆ. ಅಟ್ಲಾಂಟಿಕ್ ಸಾಗರದ ತಳದಲ್ಲಿ ಭೂಫಲಕಗಳು ಒಂದನ್ನೊಂದು ಒತ್ತುವುದೇ ಆ ನಡುಕಕ್ಕೆ ಕಾರಣವೆಂದು ಇಂದು ನಾವು ಬಲ್ಲೆವು.

ಆದರೂ ಅದೇ ಮಂತ್ರಿ ಮಲಗ್ರೀದಾರನ್ನು ಮೊದಲು ಗಡೀಪಾರು ಮಾಡಿಸಿ, ಬಳಿಕ ಸೆರೆಗೆ ನೂಕಿದನು. 1761ರಲ್ಲಿ, 70 ದಾಟಿದ್ದ ಆ ವೃದ್ಧ ಗುರುವನ್ನು ಧರ್ಮವಿರೋಧಿಯೆಂದು ತೀರ್ಪಿತ್ತು ನಡುಬೀದಿಯಲ್ಲಿ ಕೊಲ್ಲಲಾಯಿತು. ಒಬ್ಬರು ದೇವರ ಪರವಾಗಿ ಕಾರಣ ಹೇಳಹೊರಟು ನೊಂದವರನ್ನು ನೋಯಿಸಿದರು. ನಿಸರ್ಗದ ಕಾರಣ ಹುಡುಕಿದವನೂ ಕರುಣೆಯನ್ನು ಮರೆತನು.

ಯೇಸುಸ್ವಾಮಿಯ ಮುಂದೆಯೂ ಈ ಪ್ರಶ್ನೆ ಬಂದಿತ್ತು. ಸಿಲೋವಾಮಿನಲ್ಲಿ ಗೋಪುರ ಬಿದ್ದು 18 ಮಂದಿ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂಬ ಮಾತನ್ನು ಸ್ವಾಮಿ ಒಪ್ಪಲಿಲ್ಲ. ಕೇಳುತ್ತಿದ್ದವರನ್ನೇ ಪಶ್ಚಾತ್ತಾಪಕ್ಕೆ ಕರೆದರು. ಹುಟ್ಟುಕುರುಡನನ್ನು ಕಂಡು ಶಿಷ್ಯರು ಯಾರ ಪಾಪವೆಂದು ಕೇಳಿದಾಗಲೂ ಅವರು ಯಾರ ಮೇಲೂ ತಪ್ಪು ಹೊರಿಸಲಿಲ್ಲ; ಅವನಿಗೆ ದೃಷ್ಟಿ ಕೊಟ್ಟರು.

2004ರ ಡಿಸೆಂಬರ್ 26ರಂದು, ಕ್ರಿಸ್ಮಸ್ ಮರುದಿನ, ಸುನಾಮಿ ವೇಳಾಂಗಣ್ಣಿಯ ಯಾತ್ರಿಕರನ್ನು ಕೊಚ್ಚಿಕೊಂಡು ಹೋಯಿತು. ಅವರೂ ಹಬ್ಬಕ್ಕೆಂದು ಬಂದಿದ್ದವರೇ. ಅವರ ಮನೆಯವರಿಗೆ ನಾವು ಯಾವ ಕಾರಣ ಹೇಳಬಲ್ಲೆವು?

ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ನಾವು ಸಮಾಧಿಗಳ ಬಳಿ ಹೋಗುತ್ತೇವೆ. ಅಲ್ಲಿ ಮಗುವನ್ನು ಕಳೆದುಕೊಂಡ ತಾಯಿ ಏಕೆಂದು ಕೇಳಿದರೆ, "ದೇವರ ಚಿತ್ತ", "ಯಾವುದೋ ಪಾಪ" ಎಂದು ಅವಸರದಲ್ಲಿ ಹೇಳಿಬಿಡುವುದು ಬೇಡ. ಕಾರಣವನ್ನು ಬಲ್ಲ ದೇವರಿದ್ದಾರೆ ಎಂದು ನಂಬೋಣ. ನಮಗೆ ತಿಳಿಯದ್ದನ್ನು ಅವರ ಬಾಯಿಗೆ ತುರುಕದಿರೋಣ. ಆ ತಾಯಿಯ ಪಕ್ಕದಲ್ಲಿ ಕುಳಿತು, ಒಂದು ಮೇಣದ ಬತ್ತಿ ಹಚ್ಚಿ, ಅವಳೊಡನೆ ಜಪಸರ ಹೇಳೋಣ.