ಯೆಲ್ಲಿಂಗಿನ ದಿಬ್ಬಗಳೂ ರೂನ್ ಶಾಸನಗಳೂ

ಶಾಸನವು ಇತಿಹಾಸಕ್ಕೆ ಪರಮ ಪ್ರಮಾಣವೆಂದು ಭಾವಿಸಿ ಬೆಳೆದವರು ನಾವು. ಕಾವ್ಯದಲ್ಲಿ ಉತ್ಪ್ರೇಕ್ಷೆಯುಂಟು, ಐತಿಹ್ಯದಲ್ಲಿ ಬೆರಕೆಯುಂಟು. ಕಲ್ಲಿನಲ್ಲಿ ಕೊರೆದದ್ದು ಮಾತ್ರ ನಿಂತ ಮಾತು ಎಂಬ ನಂಬಿಕೆ ಕನ್ನಡ ಸಂಶೋಧಕನಿಗೆ ಸಹಜವಾದುದು. ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಬೇಕೆನ್ನುವವರಿಗೆ ಡೆನ್ಮಾರ್ಕ್ ದೇಶದ ಯೆಲ್ಲಿಂಗ್ ಎಂಬ ಸಣ್ಣ ಊರಿಗಿಂತ ತಕ್ಕ ಸ್ಥಳವನ್ನು ನಾನು ಬೇರೆ ಕಂಡಿಲ್ಲ. ಅಲ್ಲಿ ಎರಡು ಮಹಾದಿಬ್ಬಗಳೂ ಅವುಗಳ ನಡುವೆ ಎರಡು ಶಾಸನಶಿಲೆಗಳೂ ಒಂದು ಹಳೆಯ ಚರ್ಚೂ ಇವೆ. ಶಾಸನಗಳು ಹೇಳುವುದು ಕೆಲವೇ ಮಾತುಗಳನ್ನು, ಬಹು ಸ್ಪಷ್ಟವಾಗಿ. ದಿಬ್ಬಗಳನ್ನು ಅಗೆದವರಿಗೆ ದೊರೆತ ಉತ್ತರ ಮಾತ್ರ ಆ ಮಾತುಗಳಿಗೆ ಸರಿಹೊಂದಲಿಲ್ಲ.

ಜಟ್ಲೆಂಡ್ ಪರ್ಯಾಯದ್ವೀಪದ ಪೂರ್ವ ಭಾಗದಲ್ಲಿ ವೈಲೆ ಎಂಬ ಪಟ್ಟಣವಿದೆ. ಅಲ್ಲಿಂದ ವಾಯವ್ಯಕ್ಕೆ ಸುಮಾರು 10 ಕಿಲೋಮೀಟರು ದೂರದಲ್ಲಿ ಯೆಲ್ಲಿಂಗ್. ರೈಲು ಅಲ್ಲಿಯವರೆಗೂ ಹೋಗುತ್ತದೆ. ಹೆಸರನ್ನು ರೋಮನ್ ಲಿಪಿಯ ‘ಜೆ’ ಅಕ್ಷರದಿಂದ ಆರಂಭಿಸಿ ಬರೆದರೂ ಡೇನರ ಉಚ್ಚಾರಣೆ ಯಕಾರದ್ದೇ. ಸ್ಮಾರಕಗಳನ್ನು ನೋಡಲು ಶುಲ್ಕವಿಲ್ಲ, ಬೇಲಿಯಿಲ್ಲ. ಚರ್ಚಿನ ಸುತ್ತಣ ಸ್ಮಶಾನದಲ್ಲಿ ಇಂದಿನವರ ಗೋರಿಗಳಿಗೆ ಹೂ ಇಡುವವರೂ ಕಲ್ಲುಗಳನ್ನು ನೋಡಲು ಬಂದವರೂ ಒಂದೇ ದಾರಿಯಲ್ಲಿ ನಡೆದಾಡುತ್ತಾರೆ. 1994ರಲ್ಲಿ ಯುನೆಸ್ಕೋ ಸಂಸ್ಥೆ ಈ ತಾಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2011ರಲ್ಲಿ ಯಾರೋ ಕಿಡಿಗೇಡಿ ಕಲ್ಲುಗಳಿಗೆ ಹಸಿರು ಬಣ್ಣ ಎರಚಿದನು. ಅದೇ ವರ್ಷ ಎರಡೂ ಶಿಲೆಗಳಿಗೆ ಗಾಜಿನ ಮನೆಗಳಾದವು. ಬಯಲಿನಲ್ಲಿ ನಿಲ್ಲಬೇಕಾದ ಕಲ್ಲು ಗಾಜಿನೊಳಗೆ ನಿಂತಿರುವುದು ಕಣ್ಣಿಗೆ ಹಿತವಲ್ಲದಿದ್ದರೂ, ಮಳೆ ಹಿಮಗಳಿಂದ ಸವೆಯುತ್ತಿದ್ದ ಅಕ್ಷರಗಳಿಗೆ ಅದು ಹಿತವೇ.

ದಿಬ್ಬಗಳೆರಡೂ ಹೆಚ್ಚು ಕಡಮೆ ಒಂದೇ ಆಕಾರದವು. ವ್ಯಾಸ ಸುಮಾರು 70 ಮೀಟರು, ಎತ್ತರ ಹೆಚ್ಚೆಂದರೆ 11 ಮೀಟರು, ನೆತ್ತಿ ಚಪ್ಪಟೆ. ಹುಲ್ಲು ಹೊದ್ದ ಮೈಯ ಮೇಲೆ ಮೆಟ್ಟಿಲುಗಳಿವೆ. ದಕ್ಷಿಣದ ದಿಬ್ಬದ ಮೇಲೆ ನಿಂತು ನೋಡಿದರೆ ಕೆಳಗೆ ಚರ್ಚು, ಅದರಾಚೆ ಉತ್ತರದ ದಿಬ್ಬ, ಸುತ್ತಲೂ ದೂರದೂರಕ್ಕೆ ನಿಲ್ಲಿಸಿದ ಬಿಳಿಯ ಕಾಂಕ್ರೀಟ್ ಕಂಬಗಳು ಕಾಣುತ್ತವೆ. ಈ ಕಂಬಗಳು ಹಳೆಯವಲ್ಲ. ಹತ್ತನೆಯ ಶತಮಾನದಲ್ಲಿ ಇಲ್ಲಿ ಓಕ್ ಮರದ ಕೋಟೆಗೋಡೆಯೊಂದು ಸುಮಾರು 12 ಹೆಕ್ಟೇರ್ ನೆಲವನ್ನು ಸುತ್ತುವರಿದಿತ್ತೆಂದು ಈ ಶತಮಾನದ ಉತ್ಖನನಗಳಿಂದ ತಿಳಿದುಬಂದ ಮೇಲೆ, ಅದರ ಜಾಡನ್ನು ತೋರಿಸಲು ನೆಟ್ಟವು. ಕೋಟೆಯ ಒಟ್ಟು ಸುತ್ತಳತೆ 1400 ಮೀಟರಿಗೂ ಮೇಲೆ.

ಜನರ ನಂಬಿಕೆಯಂತೆ ಒಂದು ದಿಬ್ಬ ಗೋರ್ಮ್ ಅರಸನದು, ಇನ್ನೊಂದು ಅವನ ರಾಣಿ ಥ್ಯೂರಳದು. ಸಂದೇಹಕ್ಕೆ ಎಡೆಯಿದ್ದಂತೆ ತೋರದು: ಎರಡು ದಿಬ್ಬ, ಇಬ್ಬರು ದಂಪತಿಗಳು, ನಡುವೆ ಅವರ ಹೆಸರನ್ನು ಹೇಳುವ ಕಲ್ಲು. ಆದರೆ ನೆಲವನ್ನು ಅಗೆದಾಗ ಆದುದೇನು? ಉತ್ತರದ ದಿಬ್ಬದ ನೆತ್ತಿಯ ಮೇಲೆ ನೀರು ನಿಲ್ಲುತ್ತಿದ್ದ ಒಂದು ಗುಂಡಿಯಿತ್ತು. 1820ರಲ್ಲಿ ನೀರಿಗಾಗಿ ಅದನ್ನು ಆಳಗೊಳಿಸಹೋದ ಊರಿನವರಿಗೆ ಕೆಳಗೆ ಓಕ್ ತೊಲೆಗಳ ಕೋಣೆಯೊಂದು ಸಿಕ್ಕಿತು. ಸುಮಾರು 6.75 ಮೀಟರು ಉದ್ದ, 2.6 ಮೀಟರು ಅಗಲದ ಆ ಕೋಣೆ ಇಬ್ಬರನ್ನು ಮಲಗಿಸುವಷ್ಟು ವಿಶಾಲವಾಗಿದ್ದರೂ ಅಲ್ಲಿ ಯಾರೂ ಇರಲಿಲ್ಲ. ಹಿಂದೆಂದೋ ಯಾರೋ ಒಳಹೊಕ್ಕು ಹೋಗಿದ್ದರು. ಉಳಿದದ್ದು ಕೆಲವು ಮರದ ತುಂಡುಗಳು, ಅಷ್ಟಿಷ್ಟು ಸಣ್ಣ ಪದಾರ್ಥಗಳು, ಮತ್ತು ಅಂಗೈಯಲ್ಲಿ ಅಡಗುವ ಒಂದು ಬೆಳ್ಳಿಯ ಬಟ್ಟಲು. ಬಟ್ಟಲಿನ ಮೈಮೇಲಿನ ಹೆಣೆದುಕೊಂಡ ಮೃಗಗಳ ಚಿತ್ತಾರದಿಂದಲೇ ಉತ್ತರ ಯುರೋಪಿನ ಒಂದು ಕಲಾಸಂಪ್ರದಾಯಕ್ಕೆ ‘ಯೆಲ್ಲಿಂಗ್ ಶೈಲಿ’ ಎಂಬ ಹೆಸರು ಬಂದಿತು.

ದಕ್ಷಿಣದ ದಿಬ್ಬದ ಕಥೆ ಇನ್ನೂ ವಿಚಿತ್ರ. 1861ರಲ್ಲಿ ಏಳನೆಯ ಫ್ರೆಡರಿಕ್ ದೊರೆ, ಸ್ವತಃ ಪ್ರಾಚ್ಯವಸ್ತುಗಳ ಗೀಳುಳ್ಳವನು, ವೊರ್ಸೋ ಎಂಬ ಪ್ರಸಿದ್ಧ ಪುರಾತತ್ತ್ವಜ್ಞನ ನೆರವಿನಿಂದ ಅದರೊಳಗೆ ಸುರಂಗಗಳನ್ನು ತೋಡಿಸಿದನು. ಗೋರಿ ಸಿಗಲಿಲ್ಲ. 1941ರಲ್ಲಿ, ದೇಶವು ಜರ್ಮನ್ ಸೇನೆಯ ವಶದಲ್ಲಿದ್ದ ದಿನಗಳಲ್ಲಿ, ಐನಾರ್ ಡ್ಯೂಗ್ವೆ ಎಂಬ ವಿದ್ವಾಂಸನು ದಿಬ್ಬವನ್ನೇ ಬಿಚ್ಚಿ ಬುಡದವರೆಗೂ ಹೋದನು. ಅಲ್ಲಿ ಎಂದೂ ಯಾರನ್ನೂ ಹೂಳಿರಲಿಲ್ಲ. ಸಾವಿರಾರು ಬಂಡಿ ಹುಲ್ಲುಹೆಂಟೆಗಳನ್ನು ಅಟ್ಟಣೆಯಾಗಿ ಪೇರಿಸಿ, ಒಳಗೆ ಏನನ್ನೂ ಇಡದೆ ಬಿಟ್ಟಿದ್ದರು!

ಏನೂ ಇರಲಿಲ್ಲವೆಂಬುದೂ ಸರಿಯಲ್ಲ. ದಿಬ್ಬದ ಅಡಿಯಲ್ಲಿ ದೊಡ್ಡ ನಿಲಸುಗಲ್ಲುಗಳ ಸಾಲುಗಳಿದ್ದವು. ಹಡಗಿನ ಆಕಾರದಲ್ಲಿ ಕಲ್ಲುಗಳನ್ನು ನೆಟ್ಟು ಸತ್ತವರನ್ನು ಸ್ಮರಿಸುವುದು ಸ್ಕ್ಯಾಂಡಿನೇವಿಯದ ಹಳೆಯ ಪದ್ಧತಿ. ಯೆಲ್ಲಿಂಗಿನ ಈ ಶಿಲಾನೌಕೆಯ ಉದ್ದ ಸುಮಾರು 350 ಮೀಟರು ಇದ್ದಿರಬೇಕೆಂದು ಲೆಕ್ಕಹಾಕಿದ್ದಾರೆ. ಅಂಥದರಲ್ಲಿ ಇದಕ್ಕಿಂತ ದೊಡ್ಡದು ಎಲ್ಲಿಯೂ ತಿಳಿದಿಲ್ಲ. ಆ ನೌಕೆಯ ನಟ್ಟನಡುವೆ ಬರುವುದೇ ಉತ್ತರದ ದಿಬ್ಬ. ಮತ್ತು ಉತ್ತರದ ದಿಬ್ಬದ ಹೊಟ್ಟೆಯಲ್ಲಿ ಕಂಚಿನ ಯುಗದ ಇನ್ನೊಂದು ಚಿಕ್ಕ ಗೋರಿದಿಬ್ಬ ಅಡಗಿದೆ, ಗೋರ್ಮನ ಕಾಲಕ್ಕಾಗಲೇ ಅತಿ ಪ್ರಾಚೀನವಾಗಿದ್ದುದು. ಹೆಸರು ಮರೆತುಹೋದ ಪೂರ್ವಿಕನೊಬ್ಬನ ಗೋರಿಯ ಮೇಲೆ ತಮ್ಮ ಗೋರಿಯನ್ನು ಕಟ್ಟಿ, ಆ ನೆಲದ ಹಕ್ಕನ್ನು ಈ ಅರಸುಮನೆತನ ತನ್ನದಾಗಿಸಿಕೊಂಡಿತೆನ್ನಬಹುದು. ಡೆನ್ಮಾರ್ಕಿನ ಶಿಲಾಯುಗದ ಗೋರಿಮನೆಗಳಿಗೆ ಜನರಿಟ್ಟ ಹೆಸರು ‘ದೈತ್ಯರ ಕೋಣೆ’. ನಮ್ಮ ಹಿರೇಬೆಣಕಲ್ಲಿನ ಶಿಲಾಗೃಹಗಳ ಬೆಟ್ಟ ‘ಮೋರ್ಯರ ಗುಡ್ಡ’ ಆದದ್ದೂ ಹೀಗೆಯೇ: ಯಾರೆಂದು ತಿಳಿಯದಲ್ಲಿ ಜನ ಸುಮ್ಮನಿರುವುದಿಲ್ಲ.

ಇನ್ನು ಶಾಸನಗಳಿಗೆ ಬರೋಣ. ರೂನ್ ಎಂಬುದು ಲ್ಯಾಟಿನ್ ಲಿಪಿ ಬರುವುದಕ್ಕೆ ಮುನ್ನ ಉತ್ತರದ ಜನ ಬಳಸುತ್ತಿದ್ದ ಲಿಪಿ. ವೈಕಿಂಗರ ಕಾಲದಲ್ಲಿ ಅದರ ಅಕ್ಷರಗಳು 16 ಮಾತ್ರ. ಕಕಾರ ಗಕಾರಗಳಿಗೆ ಒಂದೇ ಗುರುತು, ತಕಾರ ದಕಾರಗಳಿಗೆ ಒಂದು, ಪಕಾರ ಬಕಾರಗಳಿಗೆ ಒಂದು. ಆದುದರಿಂದ ಗೋರ್ಮ್ ಎಂಬ ಹೆಸರು ಕಲ್ಲಿನ ಮೇಲೆ ‘ಕುರ್ಮ್’ ಎಂದೂ ಡೆನ್ಮಾರ್ಕ್ ಎಂಬುದು ‘ತನ್ಮಾರ್ಕ್’ ಎಂದೂ ಕಾಣುತ್ತದೆ. ಚೆನ್ನೈಯಲ್ಲಿ ನೆಲೆಸಿ ತಮಿಳು ನಾಮಫಲಕಗಳನ್ನು ಓದಿ ರೂಢಿಯಾದ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಚಿಕ್ಕ ಕಲ್ಲು ಗೋರ್ಮನದು. ತನ್ನ ಪತ್ನಿ ಥ್ಯೂರಳ ನೆನಪಿಗಾಗಿ ಗೋರ್ಮ್ ಅರಸನು ಈ ಸ್ಮಾರಕವನ್ನು ಮಾಡಿದನೆಂದು ಹೇಳಿ, ‘ಡೆನ್ಮಾರ್ಕಿನ ಭೂಷಣ’ ಎಂಬ ಅರ್ಥದ ಎರಡು ಪದಗಳಿಂದ ಮುಗಿಯುತ್ತದೆ. ಡೆನ್ಮಾರ್ಕ್ ಎಂಬ ಹೆಸರು ಆ ದೇಶದೊಳಗೆ ಮೊದಲು ದೊರೆಯುವುದು ಇಲ್ಲಿಯೇ. ‘ಭೂಷಣ’ವೆಂದು ಸಾಮಾನ್ಯವಾಗಿ ಅನುವಾದಿಸುವ ‘ಬೋತ್’ ಎಂಬ ಪದಕ್ಕೆ ಸರಿಪಡಿಸುವಿಕೆ, ಬಲಪಡಿಸುವಿಕೆ ಎಂಬ ಛಾಯೆಗಳೂ ಉಂಟು. ಈ ಬಿರುದು ವ್ಯಾಕರಣದ ದೃಷ್ಟಿಯಿಂದ ಗೋರ್ಮನಿಗೂ ಅನ್ವಯಿಸೀತೆಂದು ವಾದಿಸಿದವರಿದ್ದಾರೆ; ರಾಣಿಗೆ ಸಲ್ಲುವುದೆಂಬುದೇ ಬಹುಮತ.

ದೊಡ್ಡ ಕಲ್ಲು ಮಗ ಹರಾಲ್ಡನದು. ಎರಡು ದಿಬ್ಬಗಳ ಸರಿಮಧ್ಯದಲ್ಲಿ, ತಾನು ಮೊದಲು ನಿಂತ ಸ್ಥಳದಲ್ಲೇ ನಿಂತಿದೆ. ಎತ್ತರ 2.43 ಮೀಟರು, ತೂಕ ಸುಮಾರು 10 ಟನ್ನು, ಮೂರು ಮುಖ. ಒಂದು ಮುಖದಲ್ಲಿ ಬರಹ, ಒಂದರಲ್ಲಿ ಹಾವು ಸುತ್ತಿಕೊಂಡ ಮಹಾಮೃಗ, ಮತ್ತೊಂದರಲ್ಲಿ ಬಳ್ಳಿಗಳ ಹೆಣಿಗೆಯ ನಡುವೆ ಕೈಚಾಚಿ ನಿಂತ ಕ್ರಿಸ್ತ. ಈ ಕ್ರಿಸ್ತನ ಚಿತ್ರವನ್ನು ಡೆನ್ಮಾರ್ಕ್ ಸರಕಾರವು 1997ರಿಂದ ತನ್ನ ಪಾಸ್‌ಪೋರ್ಟಿನಲ್ಲಿ ಮುದ್ರಿಸುತ್ತಿದೆ. ಬೇರೆ ರೂನ್ ಕಲ್ಲುಗಳಲ್ಲಿ ಸಾಮಾನ್ಯವಾಗಿ ಬರಹವು ಮೇಲೆ ಕೆಳಗೆ ಪಟ್ಟಿಯಂತೆ ಹರಿದರೆ, ಇಲ್ಲಿ ಪುಸ್ತಕದ ಪುಟದಂತೆ ಅಡ್ಡಸಾಲುಗಳಲ್ಲಿದೆ. ತಂದೆ ಗೋರ್ಮನ, ತಾಯಿ ಥ್ಯೂರಳ ನೆನಪಿಗಾಗಿ ಈ ಸ್ಮಾರಕವನ್ನು ಮಾಡಲು ಹರಾಲ್ಡ್ ಅರಸನು ಅಪ್ಪಣೆಯಿತ್ತನು ಎಂಬಲ್ಲಿಗೆ ತಂದೆತಾಯಿಗಳ ಪ್ರಸ್ತಾಪ ಮುಗಿಯಿತು. ಉಳಿದದ್ದೆಲ್ಲ ಹರಾಲ್ಡನ ಮಾತೇ: ಇಡೀ ಡೆನ್ಮಾರ್ಕನ್ನೂ ನಾರ್ವೆಯನ್ನೂ ತನಗಾಗಿ ಗೆದ್ದ ಹರಾಲ್ಡ್, ಡೇನರನ್ನು ಕ್ರೈಸ್ತರನ್ನಾಗಿ ಮಾಡಿದ ಹರಾಲ್ಡ್.

ನಮ್ಮ ವೀರಗಲ್ಲುಗಳನ್ನು ಓದಿದವನಿಗೆ ಇಲ್ಲಿ ಒಂದು ಕೊರತೆ ಕೂಡಲೇ ಕಾಣುತ್ತದೆ. ಕಾಳಿ ಎಂಬ ಬೇಟೆನಾಯಿಯ ಸ್ಮಾರಕವನ್ನೂ ಒಳಗೊಂಡ ಆತಕೂರಿನ ಶಿಲೆ ಹೆಚ್ಚು ಕಡಮೆ ಗೋರ್ಮನ ಸಮಕಾಲೀನವಾದುದು. ಅದು ಶಕವರ್ಷ 872 ಎಂದು ತಪ್ಪದೆ ಹೇಳುತ್ತದೆ. ಯೆಲ್ಲಿಂಗಿನ ಕಲ್ಲುಗಳಲ್ಲಿ ಕಾಲನಿರ್ದೇಶವೇ ಇಲ್ಲ. ಆ ಕೊರತೆಯನ್ನು ತುಂಬಿದ್ದು ಮರ. ಉತ್ತರದ ದಿಬ್ಬದ ಕೋಣೆಯ ತೊಲೆಗಳ ವಾರ್ಷಿಕ ಉಂಗುರಗಳನ್ನು ಎಣಿಸಿ, ಆ ಮರಗಳನ್ನು 958–59ರ ಚಳಿಗಾಲದಲ್ಲಿ ಕಡಿದರೆಂದು ನಿರ್ಧರಿಸಿದ್ದಾರೆ. ದಕ್ಷಿಣದ ಬರಿದಿಬ್ಬ ಎದ್ದದ್ದು ಅದಾದ ಹತ್ತಾರು ವರ್ಷಗಳ ಮೇಲೆ. ಹರಾಲ್ಡನ ದೀಕ್ಷಾಸ್ನಾನವಾದುದು 965ರ ಸುಮಾರಿಗೆ. ಎಂದರೆ, ಕ್ರೈಸ್ತನಾದ ಮೇಲೂ ಆತನು ಹಳೆಯ ಧರ್ಮದ ರೀತಿಯಲ್ಲಿ ಮಹಾದಿಬ್ಬವನ್ನು ಕಟ್ಟಿಸಿದನು. ಅದೇ ದಿಬ್ಬದಡಿಯಲ್ಲಿ ಹಳೆಯ ಧರ್ಮದ ಶಿಲಾನೌಕೆಯ ಒಂದು ಭಾಗವನ್ನು ಹೂತೂ ಬಿಟ್ಟನು. ಸತ್ತವರಿಗಾಗಿ ಅಲ್ಲವಾದರೆ ಈ ಶ್ರಮ ಯಾರಿಗಾಗಿ? ಬದುಕಿದ್ದವರು ನೋಡಲೆಂದೇ ಎಂದು ನನ್ನ ಅಭಿಪ್ರಾಯ.

ಹರಾಲ್ಡನ ಆತ್ಮಸ್ತುತಿಯನ್ನು ಬರಿಯ ಬಡಾಯಿಯೆಂದು ತಳ್ಳುವಂತಿಲ್ಲ. 980ರ ಸುಮಾರಿಗೆ ಕಟ್ಟಿದ ವೃತ್ತಾಕಾರದ ಕೋಟೆಗಳು ದೇಶದ ಬೇರೆ ಬೇರೆ ಭಾಗಗಳಲ್ಲಿ ಒಂದೇ ನಕ್ಷೆಯಂತೆ ಎದ್ದವು. ಯೆಲ್ಲಿಂಗಿನ ದಕ್ಷಿಣಕ್ಕೆ ರಾವ್ನಿಂಗ್ ಎಂಬಲ್ಲಿ ಜೌಗುನೆಲದ ಮೇಲೆ ಸುಮಾರು 760 ಮೀಟರು ಉದ್ದದ ಮರದ ಸೇತುವೆಯಾಯಿತು. ಇವೆಲ್ಲ ಬಲಿಷ್ಠ ಅರಸೊತ್ತಿಗೆಯ ಕುರುಹುಗಳು. ನಾರ್ವೆಯ ಮಾತು ಬೇರೆ. ಅಲ್ಲಿ ಹಾಕೋನ್ ಎಂಬ ಸಾಮಂತನ ಮೂಲಕ ನಡೆದ ಅಧಿಕಾರ ಬಹುಕಾಲ ಬಾಳಲಿಲ್ಲ. ಕೊನೆಗೆ ಹರಾಲ್ಡನು ತನ್ನ ಮಗನ ದಂಗೆಯಲ್ಲಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನು. ಅವನ ಅಡ್ಡಹೆಸರು ‘ನೀಲಿಹಲ್ಲು’. ಇಂದು ನಮ್ಮ ಜೇಬಿನ ಫೋನುಗಳಲ್ಲಿರುವ ಬ್ಲೂಟೂತ್ ಎಂಬ ಹೆಸರು ಅವನದೇ. ಅದರ ಚಿಹ್ನೆ ಅವನ ಹೆಸರಿನ ಎರಡು ರೂನ್ ಅಕ್ಷರಗಳನ್ನು ಕೂಡಿಸಿ ಬರೆದದ್ದು.

ಹಾಗಾದರೆ ಗೋರ್ಮನೆಲ್ಲಿ? 1970ರ ದಶಕದ ಕೊನೆಯಲ್ಲಿ ಕ್ನುಡ್ ಕ್ರೋ ಎಂಬ ಪುರಾತತ್ತ್ವಜ್ಞನು ಚರ್ಚಿನ ನೆಲವನ್ನು ಅಗೆಸಿದಾಗ, ಹಿಂದಣ ಮರದ ಕಟ್ಟಡದ ಕುರುಹುಗಳ ನಡುವೆ ಒಂದು ಗೋರಿಯೂ ಅದರಲ್ಲಿ ಮಧ್ಯವಯಸ್ಸಿನ ಗಂಡಸೊಬ್ಬನ ಮೂಳೆಗಳೂ ದೊರೆತವು. ಮೂಳೆಗಳು ಜೋಡಣೆ ತಪ್ಪಿ ಬಿದ್ದಿದ್ದವು. ಬೇರೆಡೆಯಿಂದ ತಂದು ಎರಡನೆಯ ಬಾರಿ ಹೂಳಿದಂತಿತ್ತು. ಜೊತೆಯಲ್ಲಿ ಚಿನ್ನದ ಎಳೆಗಳೂ ಯೆಲ್ಲಿಂಗ್ ಶೈಲಿಯ ಬೆಳ್ಳಿಯ ಪಟ್ಟಿಯ ತುದಿಗಳೂ ಇದ್ದವು. ಕ್ರೈಸ್ತನಾದ ಹರಾಲ್ಡನು ತಂದೆಯನ್ನು ದಿಬ್ಬದಿಂದ ತೆಗೆಸಿ ಚರ್ಚಿಗೆ ತಂದನೆಂದು ಕ್ರೋ ಊಹಿಸಿದನು. ಊಹೆ ಸೊಗಸಾದುದು, ಒಪ್ಪದವರೂ ಇದ್ದಾರೆ. 2000ದಲ್ಲಿ ಎರಡನೆಯ ಮಾರ್ಗರೇಟ್ ರಾಣಿಯ ಸಮ್ಮುಖದಲ್ಲಿ ಆ ಮೂಳೆಗಳನ್ನು ಚರ್ಚಿನ ನೆಲದಲ್ಲಿ ಮರಳಿ ಇಟ್ಟರು.

ಥ್ಯೂರಳಂತೂ ಎಲ್ಲಿಯೂ ಸಿಗಲಿಲ್ಲ. ಹನ್ನೆರಡನೆಯ ಶತಮಾನದ ಕೊನೆಯ ಚರಿತ್ರಕಾರರಿಗೆ ಅವಳು ಮಹಾಜಾಣೆ; ಡೇನವಿರ್ಕ ಎಂಬ ದಕ್ಷಿಣದ ಗಡಿಗೋಡೆಯನ್ನು ಕಟ್ಟಿಸಿದವಳು. ಆ ಗೋಡೆಯ ಮರಗಳ ಉಂಗುರಗಳು 737ನೆಯ ಇಸವಿಯನ್ನು ತೋರಿಸುವುದರಿಂದ, ಕಥೆ ಎರಡು ಶತಮಾನಗಳಷ್ಟು ತಪ್ಪಿತು. ಆದರೆ ಕಥೆ ಬಿದ್ದುಹೋಯಿತೆಂದು ರಾಣಿಯೂ ಬಿದ್ದುಹೋಗಬೇಕಾಗಿಲ್ಲ. ಯೆಲ್ಲಿಂಗಿನಿಂದ ನೈಋತ್ಯಕ್ಕೆ 30 ಕಿಲೋಮೀಟರು ಆಸುಪಾಸಿನಲ್ಲಿ ಲೇಬೊರ್ಗ್, ಬೆಕ್ಕೆ ಎಂಬ ಎರಡು ಹಳ್ಳಿಗಳ ಚರ್ಚುಗಳ ಬಳಿ ಎರಡು ರೂನ್ ಕಲ್ಲುಗಳಿವೆ. ಲೇಬೊರ್ಗಿನ ಕಲ್ಲಿನಲ್ಲಿ ರಾವ್‌ನುಂಗ ತೂವೆ ಎಂಬವನು ತನ್ನ ಒಡತಿ ಥ್ಯೂರಳ ನೆನಪಿಗಾಗಿ ಈ ಅಕ್ಷರಗಳನ್ನು ಕಡೆದೆನೆಂದು ಹೇಳಿಕೊಂಡಿದ್ದಾನೆ. ಬೆಕ್ಕೆಯ ಕಲ್ಲಿನ ಪ್ರಕಾರ ಅದೇ ತೂವೆಯೂ ಇನ್ನಿಬ್ಬರೂ ಸೇರಿ ‘ಥ್ಯೂರಳ ದಿಬ್ಬ’ವನ್ನು ಕಟ್ಟಿದರು.

ಈ ಥ್ಯೂರಳೂ ಯೆಲ್ಲಿಂಗಿನ ಥ್ಯೂರಳೂ ಒಬ್ಬಳೇ ಎಂಬುದು ಬಹುಕಾಲದ ವಿವಾದ. 2023ರಲ್ಲಿ ಲಿಸ್ಬೆತ್ ಇಮರ್ ಮತ್ತು ಸಹೋದ್ಯೋಗಿಗಳು ಕಲ್ಲುಗಳ ಮೇಲ್ಮೈಯನ್ನು ಮೂರು ಆಯಾಮಗಳಲ್ಲಿ ಅಳೆದು, ಉಳಿಯ ಏಟುಗಳ ಕೋನ, ಆಳ, ಅಂತರಗಳನ್ನು ಹೋಲಿಸಿ ನೋಡಿದರು. ಬ್ಯಾಂಕಿನಲ್ಲಿ ಚೆಕ್ಕಿನ ರುಜುವನ್ನು ಮಾದರಿ ರುಜುವಿನೊಡನೆ ಇಟ್ಟು ನೋಡುವವರಿಗೆ ಈ ವಿಧಾನ ಅಪರಿಚಿತವಲ್ಲ: ಅಕ್ಷರದ ರೂಪವನ್ನು ಅನುಕರಿಸಬಹುದು, ಕೈಯ ಒತ್ತನ್ನು ಅನುಕರಿಸುವುದು ಕಷ್ಟ. ಹರಾಲ್ಡನ ದೊಡ್ಡ ಕಲ್ಲನ್ನೂ ಲೇಬೊರ್ಗಿನ ಕಲ್ಲನ್ನೂ ಕೊರೆದದ್ದು ಒಂದೇ ಕೈ, ತೂವೆಯ ಕೈ, ಎಂಬುದು ಅವರ ನಿರ್ಣಯ. ರಾಜನ ಶಿಲ್ಪಿಗೆ ‘ಒಡತಿ’ಯಾಗಿದ್ದ ಥ್ಯೂರಳು ರಾಜಮಾತೆಯೇ ಎನ್ನುವುದಕ್ಕೆ ಇದಕ್ಕಿಂತ ಬಲವಾದ ಆಧಾರ ಹಿಂದೆ ಇರಲಿಲ್ಲ.

ಇದನ್ನು ಒಪ್ಪಿದರೆ ಚಿತ್ರವೇ ಬದಲಾಗುತ್ತದೆ. ಥ್ಯೂರಳ ಹೆಸರು ನಾಲ್ಕು ಕಲ್ಲುಗಳಲ್ಲಿ ಬರುತ್ತದೆ. ಗೋರ್ಮನದು ಎರಡರಲ್ಲಿ ಮಾತ್ರ, ಅದರಲ್ಲೂ ಒಂದರಲ್ಲಿ ಅವಳನ್ನು ಸ್ಮರಿಸುವ ಗಂಡನಾಗಿ. ಆ ಕಾಲದ ಡೆನ್ಮಾರ್ಕಿನಲ್ಲಿ ಇಷ್ಟು ಕಲ್ಲುಗಳಲ್ಲಿ ಹೆಸರು ಬರೆಸಿಕೊಂಡ ವ್ಯಕ್ತಿ ಇನ್ನೊಬ್ಬರಿಲ್ಲ. ಹರಾಲ್ಡನು ತಾಯಿಯನ್ನು ಹೆಸರಿಸಿದ್ದು ಮಾತೃಭಕ್ತಿಯಿಂದಲೇ ಇರಬಹುದು. ಅವನ ರಾಜ್ಯದ ಹಕ್ಕಿನಲ್ಲಿ ಅವಳ ಕುಲದ ಪಾಲು ದೊಡ್ಡದಾಗಿದ್ದಿರಬೇಕೆಂಬ ತರ್ಕ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಯೆಲ್ಲಿಂಗಿನ ದೊಡ್ಡ ಕಲ್ಲನ್ನು ಮಾತ್ರ ಓದಿದವನಿಗೆ ಕಾಣುವುದು ಹರಾಲ್ಡ್. ನಾಲ್ಕನ್ನೂ ಓದಿದವನಿಗೆ ಕಾಣುವುದು ಥ್ಯೂರ.

ಆದುದರಿಂದ ಯೆಲ್ಲಿಂಗಿಗೆ ಹೋಗುವ ವಾಚಕರು ಅಲ್ಲಿಗೇ ಹಿಂದಿರುಗದೆ ಲೇಬೊರ್ಗಿಗೂ ಹೋಗತಕ್ಕದ್ದು. ಅಲ್ಲಿ ಮಹಾಮೃಗವಿಲ್ಲ, ಕ್ರಿಸ್ತನಿಲ್ಲ. ಚರ್ಚಿನ ಆವರಣದ ಹುಲ್ಲಿನಲ್ಲಿ ನಿಂತ ಆ ಕಲ್ಲಿನಲ್ಲಿ ರಾಣಿಯ ಹೆಸರಿದೆ, ಕಡೆದವನ ಹೆಸರಿದೆ, ಮತ್ತು ಹಳೆಯ ದೇವತೆ ಥೋರನ ಸುತ್ತಿಗೆಯ ಗುರುತು ಇದೆ. ಕ್ರಿಸ್ತನನ್ನು ಕಡೆದ ಕೈಯೇ ಇದನ್ನೂ ಕಡೆಯಿತು.